ತನ್ನದೇ ತರಗತಿಯಲ್ಲಿ ನಪಾಸಾದ ಟೀಚರ ವಿಚಾರ

ಇಂದ,
ಪಂಕಜಾಕ್ಷಿ ಕೋಂ ಓಂಕಾರಮೂರ್ತಿ,
ಸಹಶಿಕ್ಷಕಿ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ,
ಬಿಳಿಕಲ್ಲುಹಟ್ಟಿ, ಪಂಚನಹಳ್ಳಿ ಹೋಬಳಿ, ಕಡೂರು ತಾಲ್ಲೂಕು.

ಗೆ,
ಮಾನ್ಯ ಕುಲಸಚಿವರು, ಮೌಲ್ಯಮಾಪನ ವಿಭಾಗ,
ಎಂ.ಎಡ್. ಪದವಿ ಕೊಡುವ ಹಾಗೂ ಕೊಡದಿರುವ ವಿಶ್ವವಿದ್ಯಾಲಯ.

ವಿಷಯ: ಹತ್ತೊಂಬತ್ತು ವರ್ಷ ಪಾಠ ಮಾಡಿದ ತರಗತಿಯಲ್ಲೇ ಅರ್ಜಿದಾರಳಿಗೆ ಪಾಠ ಮಾಡಲು ಬರುವುದಿಲ್ಲವೆಂದು ತೀರ್ಮಾನವಾಗಿರುವ ಬಗ್ಗೆ.

ಉಲ್ಲೇಖ: 1. ಶಾಲಾ ಇಂಟರ್ನ್‌ಶಿಪ್‌ನಲ್ಲಿ ‘ಅನುತ್ತೀರ್ಣ’ ಎಂಬ ತಮ್ಮ ಫಲಿತಾಂಶ.
2. ಈ ಬಗ್ಗೆ ತಮ್ಮ ಕಚೇರಿಗೆ ಫೋನ್ ಮಾಡಿದಾಗಲೆಲ್ಲ ಕೇಳಿಸಿದ ವೀಣಾವಾದನ.

ಮಾನ್ಯರೇ, ಹಾಗೂ ಮಾನ್ಯರಿಗಿಂತ ಮೊದಲು ಇದನ್ನು ಓದುವ ಗುಮಾಸ್ತರೇ,

ಯಾರಾದರೂ ಆಡಿದ ಮಾತಿನಲ್ಲಿ ಬಂದದ್ದು ಬಿಟ್ಟರೆ ಈ ಅರ್ಜಿಯಲ್ಲಿ ‘ನಾನು’ ಎಂಬ ಶಬ್ದ ಇರುವುದಿಲ್ಲ. ಅರ್ಜಿದಾರಳ ಪತಿ ಓಂಕಾರಮೂರ್ತಿಯವರು ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು, ಹತ್ತಾರು ಕಚೇರಿಗಳ ಮೆಟ್ಟಿಲು ಸವೆಸಿದವರು. “ನಾನು ಅಂತ ಬರೆದ್ರೆ ಅಳ್ತಿದಾಳೆ ಅಂದ್ಕೊಂಡು ಪಕ್ಕಕ್ಕಿಡ್ತಾರೆ ಕಣೇ. ಅರ್ಜಿದಾರಳು ಅಂತ ಬರಿ. ಕೇಸು ಹಾಕ್ತಾಳೇನೋ ಅಂತ ಒಂದ್ಸಲನಾದ್ರೂ ಓದ್ತಾರೆ” ಎಂದು ಅವರು ಸೂಚಿಸಿದ ಕಾರಣ ಆ ಪ್ರಕಾರವೇ ಬರೆಯಲಾಗಿದೆ.

1. ಅರ್ಜಿದಾರಳು ಸದರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಅಕ್ಷರ ಕಲಿಸುತ್ತಾಳೆ. ಮೇಲಿನ ಎರಡು ತರಗತಿಗಳನ್ನು ಮುಖ್ಯಶಿಕ್ಷಕರಾದ ಲಕ್ಷ್ಮಣಪ್ಪನವರು ನೋಡುತ್ತಾರೆ. ಮೂರನೆಯ ಶಿಕ್ಷಕರ ಹುದ್ದೆಯೂ ಇದೆ, ಶಿಕ್ಷಕರಿಲ್ಲ. ಓದುವ ಹಟದ ಮಕ್ಕಳನ್ನೂ ಓದಲೊಲ್ಲೆನೆಂಬ ಹಟದ ಮಕ್ಕಳನ್ನೂ ಸಾಕಷ್ಟು ಕಂಡಿದ್ದ ಅರ್ಜಿದಾರಳು ಭೂಮಿಕಾಳಂಥ ಮಗುವನ್ನು ಕಂಡಿರಲಿಲ್ಲ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹುಲಿಯಮ್ಮನ ಮೊಮ್ಮಗಳು ಇವಳು. ಆಟದಲ್ಲಿ ಬಾಯಿಬಡುಕಿ, ಪುಸ್ತಕ ಮುಂದಿಟ್ಟರೆ ಮೂಕಿ.

ಒಂದು ಮಧ್ಯಾಹ್ನ ಅರ್ಜಿದಾರಳು ಬೇರೊಂದು ಮಗುವಿನಿಂದ ಪಾಠ ಓದಿಸುತ್ತಿದ್ದಳು. ಆ ಮಗು ಒಂದು ಶಬ್ದಕ್ಕೆ ತಡವರಿಸಿತು. ಎದುರಿಗೆ ಕೂತಿದ್ದ ಭೂಮಿಕಾ ಅದನ್ನು ಪಟ್ಟನೆ ಓದಿಬಿಟ್ಟಳು. ಅವಳಿಗೆ ಪುಸ್ತಕ ತಲೆಕೆಳಗಾಗಿತ್ತು. ಅರ್ಜಿದಾರಳು ಪುಟ ತಿರುವಿದಳು. ಭೂಮಿಕಾ ಅದನ್ನೂ ಓದಿದಳು. ಪುಸ್ತಕವನ್ನು ಅವಳ ಕಡೆಗೆ ನೆಟ್ಟಗೆ ತಿರುಗಿಸಿದ ಕೂಡಲೇ ಬಾಯಿ ಬಿದ್ದುಹೋಯಿತು.

ಹುಲಿಯಮ್ಮನನ್ನು ಕೇಳಿದಾಗ ಆಕೆ ಸಾರಿನ ಸೌಟು ಹಿಡಿದೇ ಹೇಳಿದಳು: “ಅವ್ಳಕ್ಕ ಹೊಸ್ಲು ಮ್ಯಾಲೆ ಪುಸ್ತಕ ಇಟ್ಕಂಡು ಓದಾಳು ಕಣವ್ವಾ. ಇವ್ಳು ಪಕ್ಕಕ್ಕೆ ಬಂದ್ರೆ ಬೆಳಕಿಗೆ ಅಡ್ಡ ಆಯ್ತೀಯ ಅಂತ ನೂಕಾಳು. ಅದ್ಕೇ ಎದ್ರಿಗೆ ಕುಂತ್ಕಂಡು ನೋಡ್ತಿತ್ತು ಮಗ.”

2. ಇಂಥ ಮಗುವನ್ನು ನೆಟ್ಟಗಿನ ಓದಿಗೆ ತರುವುದು ಹೇಗೆ ಎಂದು ಅರ್ಜಿದಾರಳು ಇಲಾಖೆಯ ತರಬೇತಿಗಳಲ್ಲಿ ಕೇಳಿದಳು. ಚಹಾ ಕೊಟ್ಟರು. ಮತ್ತೆ ಕೇಳಿದಳು. ಪ್ರಮಾಣಪತ್ರ ಕೊಟ್ಟರು. ಆದ್ದರಿಂದ, ಮೇಲಿನ ಓದಿನಲ್ಲಿ ಉತ್ತರ ಸಿಗಬಹುದೆಂಬ ಭ್ರಮೆಯಿಂದ ಅಧ್ಯಯನ ರಜೆ ಪಡೆದು ತರೀಕೆರೆಯ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಎಂ.ಎಡ್.ಗೆ ಸೇರಿದಳು. ಹೆಸರು ಬರೆದರೆ ಅದೇ ಜಾಹೀರಾತಾದೀತೆಂಬ ಕಾರಣ ಕಾಲೇಜಿನ ಹೆಸರನ್ನು ಕೈಬಿಡಲಾಗಿದೆ.

ಅಲ್ಲಿನ ಪ್ರಾಂಶುಪಾಲರಾದ ವಿಶ್ವನಾಥ್ ಅವರೇ ಆಕೆಯ ಪ್ರಬಂಧದ ಮಾರ್ಗದರ್ಶಕರು. ಅರ್ಜಿದಾರಳು ಭೂಮಿಕಾಳ ಸಂಗತಿ ಹೇಳಿ ಇದರ ಮೇಲೆಯೇ ಬರೆಯುವೆನೆಂದಳು. ಅವರು ಕನ್ನಡಕ ತೆಗೆದು ಒರೆಸಿದರು.

“ಒಂದು ಮಗೂನ ಇಟ್ಕೊಂಡು ಸಂಶೋಧನೆ ಆಗಲ್ಲ ಮೇಡಂ. ತಲೆಕೆಳಗೆ ಓದೋ ಮಕ್ಕಳನ್ನ ಒಂದು ನೂರು ತನ್ನಿ, ನೋಡೋಣ.”

“ಎಲ್ಲಿಂದ ತರಲಿ ಸರ್?”

“ಅದಕ್ಕೇ ಹೇಳ್ತಿರೋದು. ಶಿಕ್ಷಕರ ವೃತ್ತಿ ತೃಪ್ತಿ ಅಂತ ಮಾಡಿ. ತರೀಕೆರೆ ತಾಲ್ಲೂಕಿಂದು ರೆಡಿ ಇದೆ. ನೀವು ಕಡೂರು ಅಂತ ಹಾಕ್ಕೊಳಿ. ಮುಂದಿನ ವರ್ಷದೋರಿಗೆ ಅಜ್ಜಂಪುರ ಇಟ್ಟಿದೀನಿ.”

ಅರ್ಜಿದಾರಳು ಹಾಗೆಯೇ ಮಾಡಿದಳು. ಊರಿನ ಹೆಸರು ಬದಲಿಸುವಾಗ ಒಂದೆರಡು ಕಡೆ ಕೈತಪ್ಪಿ, ಕಡೂರಿನ ಶಿಕ್ಷಕರು ತರೀಕೆರೆಯಲ್ಲಿ ತೃಪ್ತರಾಗಿದ್ದಾರೆಂದು ಉಳಿದುಹೋಯಿತು. ಸದರಿ ಪ್ರಬಂಧಕ್ಕೆ ತಾವು ಪ್ರಥಮ ದರ್ಜೆ ಕೊಟ್ಟಿರುತ್ತೀರಿ.

3. ಎರಡನೇ ವರ್ಷ ಇಂಟರ್ನ್‌ಶಿಪ್ ಬಂತು. ಪ್ರಶಿಕ್ಷಣಾರ್ಥಿಗಳು ಮಕ್ಕಳ ನಡುವೆ ನಿಂತು ಅನುಭವ ಪಡೆಯಬೇಕೆಂದು ನಿಯಮ. ಕಾಲೇಜಿನವರು ಶಾಲೆಗಳನ್ನು ಹಂಚಿದಾಗ ಅರ್ಜಿದಾರಳ ಪಾಲಿಗೆ ಬಂದದ್ದು ಆಕೆಯದೇ ಶಾಲೆ. ಆದಕಾರಣ, ಪಾಠ ಮಾಡುವ ಕೆಲಸದಿಂದ ರಜೆ ಪಡೆದ ಆಕೆ, ಪಾಠ ಮಾಡಿ ಅಭ್ಯಾಸವಾಗಲೆಂದು ಅದೇ ಕೋಣೆಗೆ ವಾಪಸಾದಳು. ಲಕ್ಷ್ಮಣಪ್ಪನವರು ಐದೂ ತರಗತಿಗಳನ್ನು ಒಬ್ಬರೇ ಎಳೆದು ಸೊರಗಿದ್ದರು. ಆಕೆಯನ್ನು ಕಂಡು ಅವರ ಮುಖ ಅರಳಿತು. ಕಾಲೇಜಿನ ಸೂಚನೆ ಓದಿದ ಮೇಲೆ ಬಾಡಿತು.

“ರಜೆ ಮೇಲಿದೀರ, ಹಾಜರಿ ಪುಸ್ತಕ ಮುಟ್ಟಂಗಿಲ್ಲ ಮೇಡಂ. ಪಾಠ ಮಾಡ್ಬೋದು. ಆದ್ರೆ ಕ್ಲಾಸ್ ಟೀಚರ್ ಒಪ್ಪಿಗೆ ತಗೋಬೇಕಂತೆ.”

“ಕ್ಲಾಸ್ ಟೀಚರ್ ಯಾರು ಸರ್?”

ಲಕ್ಷ್ಮಣಪ್ಪನವರು ಸೂಚನೆಯನ್ನು ಮತ್ತೊಮ್ಮೆ ಓದಿದರು. “ನೀವೇ ಕಣಮ್ಮ.”

ಆಕೆ ಒಪ್ಪಿದಳು. ಅಷ್ಟರಲ್ಲಿ ಭೂಮಿಕಾ ಮೂರನೇ ತರಗತಿಗೆ ಬಂದಿದ್ದಳು, ಮೂಕಿಯಾಗಿಯೇ. ಪುಸ್ತಕ ತಿರುಗಿಸಿಕೊಂಡಾಗಲೆಲ್ಲ ದೊಡ್ಡವರು ಯಾರಾದರೂ “ನೆಟ್ಟಗಿಟ್ಕೋ” ಎಂದು ಸರಿಮಾಡುತ್ತಿದ್ದರು. ಅರ್ಜಿದಾರಳು ಅವಳೆದುರು ಕೂತು, ಪುಸ್ತಕವನ್ನು ಅವಳಿಗೆ ತಲೆಕೆಳಗಾಗಿಯೇ ಇಟ್ಟು ಓದಿಸತೊಡಗಿದಳು. ಧ್ವನಿ ಬಂತು. ಆಮೇಲೆ ಪ್ರತಿ ದಿನ ಅವಳಿಗೆ ಗೊತ್ತಾಗದ ಹಾಗೆ, ಬೀಸುವ ಕಲ್ಲನ್ನು ಒಂದು ಕೂದಲೆಳೆಯಷ್ಟು ಸರಿಸಿದಂತೆ, ಪುಸ್ತಕವನ್ನು ಚೂರು ಚೂರು ತಿರುಗಿಸುತ್ತ ಬಂದಳು. ಯಾರೂ ಹೇಳಿಕೊಟ್ಟದ್ದಲ್ಲ. ಬೇರೇನೂ ತೋಚಲಿಲ್ಲ, ಅಷ್ಟೇ. ತಿಂಗಳ ಕೊನೆಯ ಹೊತ್ತಿಗೆ ಪುಸ್ತಕ ಅಡ್ಡಡ್ಡಲಾಗಿತ್ತು, ಭೂಮಿಕಾ ಓದುತ್ತಿದ್ದಳು.

4. ಆಗ ಅಜ್ಜಂಪುರದಿಂದ ಬೈಕಿನಲ್ಲಿ ಚಂದ್ರಕುಮಾರ್ ಅವರು ಬಂದರು. ಕಾಲೇಜಿನ ಹೊಸ ಅಧ್ಯಾಪಕರು, ಅರ್ಜಿದಾರಳ ಪಾಠವನ್ನು ಅಳೆಯಲು ನೇಮಕವಾದವರು. ಓದುವ ಕೌಶಲದ ಮೇಲೆಯೇ ಪಿಎಚ್.ಡಿ. ಮಾಡಿದ್ದಾರೆ, ಓದಲು ಕಲಿಯುತ್ತಿರುವ ಮಗುವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅಂದೇ ಇರಬೇಕು. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರು ಫೋನಿನಿಂದ ತಲೆಯೆತ್ತಿದರು.

“ಮೇಡಂ, ಪುಸ್ತಕ ಅಡ್ಡ ಇದೆ.”

“ಬೇಕಂತಲೇ ಇಟ್ಟಿದೀನಿ ಸರ್. ಆಮೇಲೆ ಹೇಳ್ತೀನಿ. ಮಗು ಓದ್ತಿದೆ.”

“ಲೆಸನ್ ಪ್ಲಾನ್‌ನಲ್ಲಿ ಇದು ಇಲ್ವಲ್ಲ?” ಎನ್ನುತ್ತಲೇ ಅವರು ಬಗ್ಗಿ ಪುಸ್ತಕವನ್ನು ನೆಟ್ಟಗೆ ಮಾಡಿದರು. “ಹ್ಞಾಂ, ಈಗ ಓದು ಪುಟ್ಟಾ.”

ಭೂಮಿಕಾ ಪುಸ್ತಕ ನೋಡಿದಳು, ಟೀಚರ ಮುಖ ನೋಡಿದಳು.

“ಓದಮ್ಮ, ಹೆದರ್ಕೋಬೇಡ” ಎಂದು ಅವರು, ಮಗು ಹೆದರುವಷ್ಟು ಜೋರಾಗಿ ಹೇಳಿದರು.

ಭೂಮಿಕಾ ಎದ್ದು, ಲಂಗ ಕೊಡವಿಕೊಂಡು, ಯಾರನ್ನೂ ಕೇಳದೆ ಅಡುಗೆ ಕೋಣೆಗೆ ನಡೆದುಬಿಟ್ಟಳು. ಚಂದ್ರಕುಮಾರ್ ಅವರು ಬಾಯಲ್ಲಿ ಹೇಳುತ್ತ ಬರೆದುಕೊಂಡರು: “ಈ ಮಗುವಿಗೆ ಓದು ಬರುವುದಿಲ್ಲ.”

“ಸರ್, ನೀವು ಎದ್ದು ಆಚೆ ಹೋಗಿ.”

“ಏನಂದ್ರಿ?”

“ಇದು ನನ್ನ ಕ್ಲಾಸು. ಎದ್ದು ಆಚೆ ಹೋಗಿ.”

ಸದರಿ ಮಾತನ್ನು ಅರ್ಜಿದಾರಳು ಆಡಿರುವುದು ನಿಜ. ಎರಡು ಸಲ ಆಡಿರುವುದೂ ನಿಜ. ಬೈಕಿನ ಸದ್ದು ಅಡಗಿದ ಮೇಲೆ ಹುಲಿಯಮ್ಮ ಬಾಗಿಲಿಗೆ ಬಂದು ನಿಂತು, “ಯಾರವ್ವಾ ಅವ್ನು? ಬಂದ, ಮಗೀನ ಬಾಯ್ ಕಟ್ಟಾಕ್ಬುಟ್ಟು ಹೋದ” ಎಂದಳು. ಅವರು ತನ್ನನ್ನು ಪರೀಕ್ಷೆ ಮಾಡಲು ಬಂದವರೆಂದು ಅರ್ಜಿದಾರಳು ಯಾವ ಬಾಯಲ್ಲಿ ಹೇಳಬೇಕು?

5. ಫಲಿತಾಂಶ ತಮಗೆ ತಿಳಿದೇ ಇದೆ. ಕಾರಣ: ‘ಮಕ್ಕಳೊಂದಿಗಿನ ಅನುಭವ ಸಾಲದು. ಪುಸ್ತಕ ಹಿಡಿಸುವ ಕ್ರಮ ತಿಳಿಯದು. ವರ್ತನೆ ಅಸಮರ್ಪಕ.’ ಅರ್ಜಿದಾರಳು ಕಾಲೇಜಿಗೆ ಹೋದಾಗ ವಿಶ್ವನಾಥ್ ಅವರು ಬಹಳ ಸೌಜನ್ಯದಿಂದ ಕೂರಿಸಿ, “ಒಂದು ಕ್ಷಮಾಪಣೆ ಪತ್ರ ಕೊಟ್ಬಿಡಿ ಮೇಡಂ, ಮಾರ್ಕ್ಸ್ ಸರಿ ಮಾಡಿಸೋಣ” ಎಂದರು. ಓಂಕಾರಮೂರ್ತಿಯವರೂ ಮನೆಯಲ್ಲಿ ಅದನ್ನೇ ಹೇಳಿದರು: “ಎರಡು ವರ್ಷ ಓಡಾಡಿದೀಯ. ನಾಲ್ಕು ಸಾಲು ತಾನೇ, ಬರ್ಕೊಡೇ.”

“ಬರ್ಕೊಟ್ರೆ ಅವ್ರು ಪುಸ್ತಕ ತಿರುಗಿಸಿದ್ದೇ ಸರಿ ಅಂತ ಒಪ್ಪಿದಂಗಾಗುತ್ತೆ ಕಣ್ರೀ.”

ಓಂಕಾರಮೂರ್ತಿಯವರು ಊಟ ಮುಗಿಸಿದರು. ಕೈ ತೊಳೆದು ಬಂದು, “ಹಾಗಾದ್ರೆ ಬ್ಯಾಡ ಬಿಡು” ಎಂದರು.

ರಜೆ ಮುಗಿಸಿ ಅರ್ಜಿದಾರಳು ಶಾಲೆಗೆ ಮರಳಿದಳು. ಭೂಮಿಕಾ ದಿನವೂ ಶಾಲೆಗೆ ಬರುತ್ತಿದ್ದಳು, ತರಗತಿಗಲ್ಲ. ಅಜ್ಜಿಯ ಪಕ್ಕ ಕೂತು ಬೇಳೆ ಆರಿಸುತ್ತಿದ್ದಳು. ಆದ್ದರಿಂದ ಟೀಚರೂ ಅಡುಗೆ ಕೋಣೆಗೆ ಹೋಗಿ ಕೂತಳು. ಮೊದಮೊದಲು ಬೇಳೆ ಮಾತ್ರ ಆರಿಸಿದರು. ನಂತರ ಪುಸ್ತಕ ಬಂತು, ತಲೆಕೆಳಗಾಗಿ, ಮೊದಲಿನಿಂದ. ಈಗ ಭೂಮಿಕಾ ನೆಟ್ಟಗಿನ ಪುಸ್ತಕವನ್ನೇ ಓದುತ್ತಾಳೆ. ಕತ್ತು ಮಾತ್ರ ಒಂದಿಷ್ಟು ಓರೆ. ಕತ್ತನ್ನು ಸರಿಮಾಡುವ ಅವಸರ ಅರ್ಜಿದಾರಳಿಗಿಲ್ಲ.

6. ಹೀಗಿರುವಾಗ ಕಳೆದ ವಾರ ಅದೇ ಕಾಲೇಜಿನಿಂದ ಚಂದ್ರಕುಮಾರ್ ಅವರ ಸಹಿಯುಳ್ಳ ಪತ್ರ ಬಂದಿದೆ. ಹೊಸ ಪ್ರಶಿಕ್ಷಣಾರ್ಥಿಗಳನ್ನು ಈ ಶಾಲೆಗೆ ಕಳಿಸುವುದಾಗಿಯೂ, ‘ತಮ್ಮ ದೀರ್ಘ ಅನುಭವವನ್ನು ಪರಿಗಣಿಸಿ’ ಅರ್ಜಿದಾರಳೇ ಅವರಿಗೆ ಮಾರ್ಗದರ್ಶನ ಮಾಡಿ ಅಂಕ ಕೊಡಬೇಕಾಗಿಯೂ ತಿಳಿಸಿದ್ದಾರೆ. ಅನುತ್ತೀರ್ಣರು ಇದೇ ತಂಡದೊಂದಿಗೆ ಪುನಃ ಹಾಜರಾಗಬೇಕಾದ್ದರಿಂದ ಪ್ರಶಿಕ್ಷಣಾರ್ಥಿಗಳಲ್ಲಿ ಅರ್ಜಿದಾರಳ ಹೆಸರೂ ಇದೆ. ಲಕ್ಷ್ಮಣಪ್ಪನವರು ಎರಡು ಸಲ ಓದಿ, “ಇಬ್ರೂ ನೀವೇನಾ, ಇಲ್ಲಾ ಇನ್ನೊಬ್ರು ಪಂಕಜಾಕ್ಷಿ ಬತ್ತಾರಾ? ಬಂದ್ರೆ ಖಾಲಿ ಹುದ್ದೆಗೆ ಕೂರಿಸ್ಕೊಂಬಿಡೋಣ” ಎಂದು ನಿಜವಾದ ಆಸೆಯಿಂದ ಕೇಳಿದರು.

ಆದ್ದರಿಂದ ಕೋರಿಕೆ ಏನೆಂದರೆ:

ಅರ್ಜಿದಾರಳ ‘ಅನುತ್ತೀರ್ಣ’ವನ್ನು ತಾವು ಹಾಗೆಯೇ ಇಟ್ಟುಕೊಳ್ಳಬಹುದು. ಆಕೆ ಪುನಃ ಹಾಜರಾಗುವುದಿಲ್ಲ, ಪದವಿಯನ್ನೂ ಕೇಳುವುದಿಲ್ಲ. ಆದರೆ ಚಂದ್ರಕುಮಾರ್ ಅವರ ಟಿಪ್ಪಣಿಯಲ್ಲಿ ‘ಈ ಮಗುವಿಗೆ ಓದು ಬರುವುದಿಲ್ಲ’ ಎಂಬ ಒಂದು ಸಾಲಿದೆ. ಮಗು ಎಂ.ಎಡ್.ಗೆ ಸೇರಿರಲಿಲ್ಲ. ಆದಕಾರಣ, ಅವಳನ್ನು ನಪಾಸು ಮಾಡುವ ಅಧಿಕಾರ ವಿಶ್ವವಿದ್ಯಾಲಯಕ್ಕಿಲ್ಲ. ಸದರಿ ಸಾಲನ್ನು ಹೊಡೆದುಹಾಕಿ, ಹೊಡೆದುಹಾಕಿದ ಬಗ್ಗೆ ಲಿಖಿತವಾಗಿ ತಿಳಿಸಬೇಕು.

ತಮ್ಮಲ್ಲಿ ಇನ್ನೂ ಉಳಿದಿರುವಷ್ಟು ವಿಶ್ವಾಸದೊಂದಿಗೆ,
ಪಂಕಜಾಕ್ಷಿ

ಅಡಕಗಳು:
1. ಫಲಿತಾಂಶದ ಪ್ರತಿ.
2. ಚಂದ್ರಕುಮಾರ್ ಅವರ ಟಿಪ್ಪಣಿ, ಹೊಡೆಯಬೇಕಾದ ಸಾಲಿಗೆ ಗುರುತು ಹಾಕಿದೆ.
3. ಕ್ಷಮಾಪಣೆ ಪತ್ರ: ಇಲ್ಲ.

ವಿ.ಸೂ.: ತಮ್ಮ ಉತ್ತರವನ್ನು ದಯಮಾಡಿ ದೊಡ್ಡ ಅಕ್ಷರಗಳಲ್ಲಿ, ಆದಷ್ಟು ಒತ್ತಕ್ಷರ ಕಡಿಮೆ ಮಾಡಿ ಬರೆಸಬೇಕು. ಶಾಲೆಗೆ ಬಂದ ಪತ್ರಗಳನ್ನು ಇಲ್ಲಿ ಮೂರನೇ ತರಗತಿಯವರೇ ಎದ್ದು ನಿಂತು ಗಟ್ಟಿಯಾಗಿ ಓದುವುದು ರೂಢಿ.