ಶಿಕ್ಷೆಗೊಂದು ಶಾಲು

ಗುರುಶಾಂತ ಕುಡಿದದ್ದು ಅಳತೆಯಲ್ಲಿ; ಪೊಲೀಸರ ಯಂತ್ರಕ್ಕೆ ಊದಿದ್ದು ಮಾತ್ರ ಕಂಬಾರನ ತಿದಿಯಂತೆ, ಎದೆ ತುಂಬಾ.

ಹೈಟೆಕ್ ಸಿಟಿಯ ಗಾಜಿನ ಕಟ್ಟಡವೊಂದಕ್ಕೆ ವೈರಿಂಗ್ ಮುಗಿಸಿದ ಖುಷಿಗೆ ಸಾಹೇಬರೇ ಸುರಿದು ಕೊಟ್ಟಿದ್ದರು. ಅವರು ಕಾರಿನ ಹಿಂದಿನ ಸೀಟಿಗೊರಗಿ ಗೊರಕೆ ಹೊಡೆಯುತ್ತ ಮನೆ ಸೇರಿದರು. ಇವನು ಬೈಕಿನ ಸಮೇತ ಸಿಕ್ಕಿಬಿದ್ದ. ಬಾಟಲಿ ಒಂದೇ, ಡ್ರೈವರ್ ಇದ್ದವನಿಗೆ ನಿದ್ದೆ, ಇಲ್ಲದವನಿಗೆ ಕೋರ್ಟು.

ಇವತ್ತು ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿದರು. "ಆರು ತಿಂಗಳವರೆಗೆ ಜೈಲಿಗೆ ಕಳಿಸಬಹುದಿತ್ತು. ಮೊದಲ ತಪ್ಪೆಂದು ದಂಡಕ್ಕೆ ಬಿಟ್ಟಿದ್ದೇನೆ. ಜೊತೆಗೆ ಸಂಜೆಯ ತನಕ ಹಿಮಾಯತ್‌ನಗರದ ಸಿಗ್ನಲ್ಲಿನಲ್ಲಿ ಫಲಕ ಹಿಡಿದು ಸಮಾಜ ಸೇವೆ ಮಾಡು. ಮತ್ತೆ ಸಿಕ್ಕರೆ ಎರಡು ವರ್ಷವೂ ಆದೀತು," ಎಂದರು.

ಜೈಲು ತಪ್ಪಿತಲ್ಲ ಎಂದು ಗುರುಶಾಂತ ಎರಡೂ ಕೈ ಮುಗಿದ. ಮನೆಯಿರುವ ಮಲ್ಕಾಜ್‌ಗಿರಿಯಲ್ಲಿ ನಿಲ್ಲಿಸಲಿಲ್ಲವಲ್ಲ ಎಂದು ಇನ್ನೊಮ್ಮೆ ಮುಗಿದ. ಹೆಂಡತಿ ಶಿವದೇವಿಗೆ ಗೊತ್ತಾಗಬಾರದು, ಅಷ್ಟೇ. ಕುಡಿಯುವುದಿಲ್ಲವೆಂದು ಆಕೆಯ ತಲೆ ಮುಟ್ಟಿ ಆಣೆ ಮಾಡಿದ್ದ. ಠಾಣೆಯಲ್ಲಿದ್ದ ಬೈಕಿನ ಬಗ್ಗೆ "ಅಮೃತಪ್ಪನ ಗ್ಯಾರೇಜಿನ್ಯಾಗ ರಿಪೇರಿಗೈತಿ" ಅಂತ ಸುಳ್ಳೂ ಹೇಳಿದ್ದ.

ಕುಡಿದು ಗಾಡಿ ಓಡಿಸಬೇಡಿ ಎಂದು ತೆಲುಗಿನಲ್ಲಿ ಬರೆದಿದ್ದ ಫಲಕದ ಹಿಂದೆ, ಅಂತರಪಟದ ಹಿಂದಿನ ಮದುಮಗನಂತೆ ಮುಖ ಮರೆಸಿಕೊಂಡು ನಿಂತ. ಅಷ್ಟರಲ್ಲಿ ಆಟೋವೊಂದು ಗಕ್ಕನೆ ನಿಂತಿತು. ಒಳಗೆ ಸೀರೆ ಕೊಳ್ಳಲು ಬಂದಿದ್ದ ಪಕ್ಕದ ಮನೆಯ ಗದಿಗೆಮ್ಮ!

"ಯವ್ವಾ, ನಮ್ಮ ಗುರುಶಾಂತ! ಇಂಥಾ ಬಿಸಿಲಾಗ ಇಲ್ಲೇನ್ ಮಾಡಾಕತ್ತೀಯೋ ತಮ್ಮಾ?"

"ಅದು... ಸಮಾಜ ಸೇವಾ, ಅಕ್ಕಾ."

ಸುಳ್ಳಲ್ಲ, ಮ್ಯಾಜಿಸ್ಟ್ರೇಟರು ಅದನ್ನು ಹಾಗೆಯೇ ಕರೆದಿದ್ದರು. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ಲಿಗೆ ಕೆಮ್ಮು ಹತ್ತಿತು.

ಗದಿಗೆಮ್ಮನ ಕಣ್ಣು ತುಂಬಿದವು. ಆಕೆಯ ಗಂಡ ಕುಡಿದು ಆಟೋವನ್ನು ಡಿವೈಡರಿಗೆ ಗುದ್ದಿ ಕಾಲು ಮುರಿದುಕೊಂಡಿದ್ದ. "ನಮ್ಮನ್ಯಾವಗ ಆವತ್ತ ಹಿಂಗ ಹೇಳವ್ರು ಒಬ್ರೂ ಇದ್ದಿಲ್ಲಪ್ಪಾ. ನಿನ್ನ ಹಡದಾಕಿ ಹೊಟ್ಟಿ ತಣ್ಣಗಿರ್ಲಿ!" ಎಂದು ಅವನ ಕೆನ್ನೆ ಸವರಿ ಲಟಿಗೆ ಮುರಿದಳು. ಮಜ್ಜಿಗೆ ಕುಡಿಸಿದಳು. ಸೀರೆ ಬಿಟ್ಟು ಶಾಲು ಕೊಂಡು ಮನೆಗೆ ಧಾವಿಸಿದಳು.

ಸಂಜೆ ಗುರುಶಾಂತ ಓಣಿಗೆ ಕಾಲಿಡುತ್ತಲೇ ಹೆಂಗಸರೆಲ್ಲ ಸುತ್ತುವರಿದರು. ಹೆಗಲಿಗೆ ಶಾಲು ಬಿತ್ತು, ಹಣೆಗೆ ಕುಂಕುಮ ಬಿತ್ತು. ಶಿವದೇವಿ ಆರತಿ ತಟ್ಟೆ ಹಿಡಿದು ನಗುತ್ತಿದ್ದಳು. ಆ ನಗು ಕಂಡು ಅವನ ಜೀವ ತಣ್ಣಗಾಯಿತು.

"ಸೂಟಿ ದಿನಾ ನಮ್ಮ ಓಣಿ ಬಾಯಿಗೂ ನಿಲ್ಲೋ ತಮ್ಮಾ," ಎಂದಳು ಗದಿಗೆಮ್ಮ. "ಸೇಂದಿ ಅಂಗಡಿ ಇರೂದು ಇಲ್ಲೇ. ನಮ್ಮ ಗಂಡಸರು ನಿನ್ನ ನೋಡಿಯರ ನಾಚಲಿ."

"ಆಯ್ತವಾರ ಒಂದ ಸೂಟಿ ಅಕ್ಕಾ... ಮ್ಯಾಲ ಬೈಕ್ ಬ್ಯಾರೆ ಗ್ಯಾರೇಜಿನ್ಯಾಗ..."

"ನಿಲ್ತಾರ್ರಿ ಅಕ್ಕಾ! ವರ್ಷಪೂರ್ತಿ ನಿಲ್ತಾರ," ಎಂದಳು ಶಿವದೇವಿ. ಆರತಿ ಬೆಳಗುವ ನೆವದಲ್ಲಿ ಕಿವಿಯ ಹತ್ತಿರ ಬಂದಳು. "ಮುಂಜಾನೆ ಅಮೃತಪ್ಪನ ಗ್ಯಾರೇಜಿಗೆ ಹೋಗಿದ್ನಿರಿ. ಅಲ್ಲಿಂದ ಠಾಣೆಗೂ ಹೋಗಿದ್ನಿ. ಕೋರ್ಟಿಂದು ಒಂದ ದಿನಾ ಮುಗೀತು. ಉಳದದ್ದು ನಂದು."

ಗುಂಪಿನ ಹಿಂದೆ ಊರುಗೋಲಿನ ಮೇಲೆ ನಿಂತಿದ್ದ ಗದಿಗೆಮ್ಮನ ಗಂಡ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಜೈಲಾಗಿದ್ದರೆ ಆರೇ ತಿಂಗಳಿಗೆ ಮುಗಿಯುತ್ತಿತ್ತು ಎಂದುಕೊಳ್ಳುತ್ತ, ಗುರುಶಾಂತ ಆರತಿಗೆ ಎರಡೂ ಕೈ ಮುಗಿದ.