ಬೀಗರು ‘ಬ್ಯಾಡ’ ಅಂದಾಗ

ಒಂದು ಗ್ಲಾಸು ನಿಂಬೆ ಶರಬತ್ತಿನಿಂದ ಮದುವೆ ಸಂಬಂಧ ಅಲ್ಲಾಡಬಹುದು ಎಂದು ಯಾರಾದರೂ ಹೇಳಿದ್ದರೆ ಸಂಗಮೇಶ ನಕ್ಕುಬಿಡುತ್ತಿದ್ದ. ಬಾಗಲಕೋಟೆಯ ನವನಗರದಲ್ಲಿ ನಲ್ಲಿ, ಪೈಪು ಮಾರುವವನಿಗೆ ಯಾವುದು ಎಲ್ಲಿ ಸೋರುತ್ತದೆ ಎಂಬುದು ಚೆನ್ನಾಗಿ ಗೊತ್ತು. ಆದರೆ ಕೊಡಗಿನ ಆ ಕಾಫಿ ತೋಟದ ಲಾಡ್ಜಿನ ಮುಂಬಾಗಿಲಲ್ಲಿ ಅವತ್ತು ಮಧ್ಯಾಹ್ನ ಶುರುವಾದ ಸೋರಿಕೆಗೆ ಅವನ ಅಂಗಡಿಯಲ್ಲಿ ಸಾಮಾನಿರಲಿಲ್ಲ.

ಜೊತೆಗಿದ್ದವರು ಸಾಮಾನ್ಯರಲ್ಲ, ಬೀಗರು. ಅದೂ ಇನ್ನೂ ಆಗಬೇಕಾದ ಬೀಗರು. ಆದ ಬೀಗರು ಸಿಟ್ಟಾದರೆ ಹಬ್ಬಕ್ಕೆ ಬರುವುದಿಲ್ಲ, ಅಷ್ಟೇ. ಆಗಬೇಕಾದವರು ಸಿಟ್ಟಾದರೆ ಮದುವೆಯೇ ಇಲ್ಲ. ಹುನಗುಂದದಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ ನಡೆಸುವ ಶಂಕ್ರಪ್ಪನವರ ಮಗನೂ ಸಂಗಮೇಶನ ಮಗಳೂ ಒಬ್ಬರನ್ನೊಬ್ಬರು ಮೆಚ್ಚಿದ್ದರು, ಮನೆಯವರೂ ಒಪ್ಪಿದ್ದರು. ತಾರೀಖೊಂದು ಉಳಿದಿತ್ತು. “ಒಂದೀಟು ಕೂಡಿ ಇದ್ದು ನೋಡೂಣ್ರಿ, ಆಮ್ಯಾಲ ತಾರೀಖು ಹೇಳ್ತೇನಿ” ಎಂದಿದ್ದರು ಶಂಕ್ರಪ್ಪನವರು. ಅದಕ್ಕೆಂದೇ ಮಕ್ಕಳಿಬ್ಬರೂ ಸೇರಿ ಹಿರಿಯರಿಗೆ ಈ ಲಾಡ್ಜು ಗೊತ್ತುಮಾಡಿದ್ದರು. ಒಂದು ದಿನ ತೋಟದಲ್ಲಿ ಆರಾಮ, ಮರುದಿನ ನಸುಕಿಗೆ ಕಾಡಿನ ಸಫಾರಿ.

ರೈಲು ಹತ್ತಿಸುವಾಗ ಮಗಳು ಅಪ್ಪನ ಕೈ ಹಿಡಿದುಕೊಂಡು, “ಅಪ್ಪಾ, ಈ ಸಲ ಏನೂ ಕೆಡಬಾರ್ದು” ಎಂದಿದ್ದಳು. ಹೋದ ವರ್ಷ ಒಂದು ಸಂಬಂಧ, ಹುಡುಗನ ಸೋದರಮಾವನಿಗೆ ತುಪ್ಪ ಬಡಿಸುವುದು ಮರೆತದ್ದಕ್ಕೇ ಮುರಿದಿತ್ತು. ಆ ರಾತ್ರಿ ಮಗಳು ಅತ್ತದ್ದನ್ನು ನೆನೆದರೆ ಸಂಗಮೇಶನಿಗೆ ಈಗಲೂ ಅನ್ನ ಇಳಿಯುತ್ತಿರಲಿಲ್ಲ.

ರೈಲಿನಲ್ಲಿ ಕಟ್ಟಿಕೊಂಡು ಬಂದ ಬುತ್ತಿ ಮೈಸೂರಿಗೆ ಮೊದಲೇ ಮುಗಿದಿತ್ತು. ಅಲ್ಲಿಂದ ಕಾರಿನಲ್ಲಿ ತೋಟ ಮುಟ್ಟುವಷ್ಟರಲ್ಲಿ ಎಲ್ಲರಿಗೂ ಬಾಯಿ ಒಣಗಿತ್ತು. ಲಾಡ್ಜಿನ ಮ್ಯಾನೇಜರ್ ದೇಚಮ್ಮ ಎಂಬ ನಗುಮುಖದ ಹುಡುಗಿ ಶರಬತ್ತಿನ ತಟ್ಟೆ ಹಿಡಿದು ಬಂದು ಮೊದಲು ಹಿರಿಯರ ಮುಂದೆ ನಿಂತಳು.

“ಬ್ಯಾಡ್ರಿ,” ಎಂದರು ಶಂಕ್ರಪ್ಪನವರು.

“ಬೇಡ್ವಾ ಸರ್? ಸರಿ ಸರ್,” ಎಂದು ದೇಚಮ್ಮ ತಟ್ಟೆಯನ್ನು ಮುಂದಿನವರತ್ತ ಒಯ್ದಳು.

ಶಂಕ್ರಪ್ಪನವರ ಬಲಗೈ ಆಗಲೇ ಅರ್ಧ ಮುಂದೆ ಬಂದಿತ್ತು. ಅದನ್ನು ಅವರು ಮೀಸೆಯ ಮೇಲೆ ಇಟ್ಟುಕೊಂಡರು.

ಹುನಗುಂದದ ಕಡೆಯ ಯಾವ ಮಗುವಿಗಾದರೂ ತಿಳಿಯುವ ಮಾತಿದು. ದೊಡ್ಡ ಮನುಷ್ಯ ಮೊದಲ ಸಲ ‘ಬ್ಯಾಡ’ ಅನ್ನುವುದು ಮರ್ಯಾದೆಗೆ. ಎರಡನೆಯದು ಎದುರಿನವರ ಪ್ರೀತಿ ಎಷ್ಟಿದೆ ಎಂದು ನೋಡುವುದಕ್ಕೆ. ಮೂರನೆಯದನ್ನು ಅನ್ನುವಾಗ ತಾಟು ತಾನೇ ಮುಂದೆ ಬಂದಿರುತ್ತದೆ. ಬೀಗರಿಗೆ ಒತ್ತಾಯ ಮಾಡದೆ ಬಿಡುವುದೆಂದರೆ ಬಾಗಿಲು ಹಾಕಿಕೊಂಡಂತೆ. ಶಂಕ್ರಪ್ಪನವರು ಐವತ್ತೆಂಟು ವರ್ಷ ಹೀಗೆ ‘ಬ್ಯಾಡ’ ಅನ್ನುತ್ತಲೇ ಹೊಟ್ಟೆ ತುಂಬ ಉಂಡವರು.

ಅವರ ಹೆಂಡತಿ ಶಿವಬಸವ್ವ ಗಂಡನ ಕಡೆ ನೋಡದೆ ಶರಬತ್ತು ಕುಡಿದು, ಸಂಗಮೇಶನ ಹೆಂಡತಿ ಶೈಲಾಳ ಕಿವಿಯಲ್ಲಿ ಹೇಳಿದಳು: “ನಮ್ಮ ಮನಿಯವ್ರಿಗೆ ಒಂದೀಟು ಒತ್ತಾಯ ಮಾಡ್ಬೇಕ್ರಿ. ಇಲ್ಲಾಂದ್ರ ಉಪಾಸ ಬೀಳ್ತಾರ.”

ಶೈಲಾ ಆ ಮಾತನ್ನು ಗಂಡನಿಗೆ ಮುಟ್ಟಿಸಿದಳು. ಮೊಣಕೈಯಿಂದ ಒಂದು ತಿವಿತವನ್ನೂ ಸೇರಿಸಿದಳು.

ಊಟಕ್ಕೆ ಕೂತಾಗ ಸಂಗಮೇಶ ಸಿದ್ಧನಾಗಿದ್ದ. ಉದ್ದನೆಯ ಮೇಜು, ಎದುರಿಗೆ ಮೈಸೂರಿನಿಂದ ಬಂದ ಗಂಡ-ಹೆಂಡತಿ. ಬಡಿಸುವವನು ಬಿಸಿ ಅಕ್ಕಿ ಕಡುಬು ತಂದು, “ಹಾಕ್ಲಾ ಸರ್?” ಎಂದ.

“ಬ್ಯಾಡಪಾ,” ಎಂದರು ಶಂಕ್ರಪ್ಪನವರು, ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು. ಬೆರಳುಗಳ ನಡುವೆ ಕಡುಬು ಇಳಿಯುವಷ್ಟು ಜಾಗ ಬಿಟ್ಟಿದ್ದರು. ಬಡಿಸುವವನು ತಲೆಬಾಗಿ ಮುಂದೆ ಹೋದ.

“ಏ ಹಾಕಪಾ, ಹಾಕು! ಬೀಗರಿಗೆ ಹಾಕು!” ಸಂಗಮೇಶ ಎದ್ದೇ ನಿಂತ.

“ಸಾಹೇಬ್ರು ಬೇಡ ಅಂದ್ರಲ್ಲ ಸರ್.”

“ಅವರು ಅಂತಾರ! ನೀ ಹಾಕು!”

ಹುಡುಗ ಶಂಕ್ರಪ್ಪನವರ ಮುಖ ನೋಡಿದ. ಅವರು ಇನ್ನೊಮ್ಮೆ ಗಂಭೀರವಾಗಿ, “ಬ್ಯಾಡ” ಎಂದರು. ಹುಡುಗ ಮತ್ತೆ ಹಿಂದೆ ಸರಿದ. ತಡೆಯಲಾರದೆ ಸಂಗಮೇಶ ತಾನೇ ಬಡಿಸುವುದೆಂದು ಪಲ್ಯದ ಬೋಗುಣಿಗೆ ಕೈ ಹಾಕಿದ. ಹುಡುಗ, “ನಾನು ಬಡಿಸ್ತೀನಿ, ನೀವು ಕೂತ್ಕೊಳಿ ಸರ್” ಎಂದು ಬೋಗುಣಿ ಹಿಡಿದುಕೊಂಡ. ಇಬ್ಬರ ಎಳೆದಾಟದಲ್ಲಿ ಕುಂಬಳಕಾಯಿ ಪಲ್ಯ ಬೀಗರ ಬಿಳಿ ಧೋತರದ ಮೇಲೆ ಇಳಿಯಿತು.

“ಏನೂ ಆಗಿಲ್ಲ ಬಿಡ್ರಿ,” ಎಂದರು ಶಂಕ್ರಪ್ಪನವರು. ಅದೇ ಮಾತನ್ನು ಹೋದ ವರ್ಷ ಆ ಸೋದರಮಾವನೂ ಹೇಳಿದ್ದ.

ಅಷ್ಟರಲ್ಲಿ ಮೈಸೂರಿನ ಹೆಂಗಸು ಬಾಯಿ ಹಾಕಿದಳು. “ಉಪವಾಸ ಮಾಡ್ತಿದ್ದೀರಾ ಸರ್? ಬಂದಾಗಿಂದ ನೋಡ್ತಾ ಇದೀನಿ, ಒಂದು ತೊಟ್ಟು ನೀರೂ ಮುಟ್ಟಿಲ್ಲ ನೀವು. ಎಂಥ ಸಂಯಮ!” ಆಮೇಲೆ ಗಂಡನ ಕಡೆ ತಿರುಗಿ, “ನೋಡಿ ಕಲೀರಿ” ಎಂದಳು. ಮೂರನೇ ಕಡುಬಿಗೆ ಕೈ ಹಾಕಿದ್ದ ಗಂಡ ನಾಚಿ ಕೈ ಹಿಂದೆಗೆದ.

ಎಲ್ಲರೂ ಶಂಕ್ರಪ್ಪನವರನ್ನು ಭಕ್ತಿಯಿಂದ ನೋಡಿದರು. ಇನ್ನು ಅವರು ಉಣ್ಣಬೇಕೆಂದರೂ ಉಣ್ಣುವಂತಿರಲಿಲ್ಲ. ಊಟ ಮುಗಿಯುವ ತನಕ ಅವರು ತೋಟದ ಮೆಣಸಿನ ಬಳ್ಳಿಗಳನ್ನೇ ನೋಡುತ್ತ ಕೂತರು.

ಸಂಗಮೇಶ ದೇಚಮ್ಮನನ್ನು ಹುಡುಕಿಕೊಂಡು ಆಫೀಸಿಗೆ ಹೋದ.

“ನೋಡು ತಂಗಿ, ನಮ್ಮ ಬೀಗರಿಗೆ ನೀವು ಒತ್ತಾಯ ಮಾಡ್ಬೇಕು. ಬ್ಯಾಡ ಅಂದ್ರೂ ಬಿಡಬಾರ್ದು.”

“ಅಯ್ಯೋ ಸರ್, ನಮ್ಮಲ್ಲಿ ಗೆಸ್ಟ್ ಒಂದ್ಸಲ ಬೇಡ ಅಂದ್ರೆ ಎರಡನೇ ಸಲ ಕೇಳಂಗಿಲ್ಲ. ಮಾಲೀಕರ ಆರ್ಡರ್. ತೊಂದರೆ ಕೊಟ್ಟಂಗೆ ಆಗುತ್ತೆ ಅಂತ.”

“ತೊಂದ್ರಿ ಕೊಡೂದ ನಮ್ಮ ಕಡಿ ಮರ್ಯಾದಿ ಅವ್ವಾ! ನನ್ನ ಮಗಳ ಮದುವಿ ನಿನ್ನ ಕೈಯಾಗ ಐತಿ.” ಹೇಳುವಾಗ ಅವನ ಕಣ್ಣುಗಳು ನಿಜವಾಗಿಯೂ ತುಂಬಿ ಬಂದವು.

ದೇಚಮ್ಮ ಒಳ್ಳೆಯ ಹುಡುಗಿ. ಅವಳಿಗೂ ಅಪ್ಪ ಇದ್ದ. “ಆಯ್ತು ಸರ್, ನಮ್ಮ ಹುಡುಗ್ರಿಗೆಲ್ಲ ಹೇಳ್ತೀನಿ. ಎಷ್ಟು ಬೇಡ ಅಂದ್ರೂ ಬಿಡಲ್ಲ,” ಎಂದು ಮಾತು ಕೊಟ್ಟಳು. ಸಂಗಮೇಶ ಕೋಣೆಗೆ ಹೋಗಿ ಆ ದಿನದಲ್ಲಿ ಮೊದಲ ಬಾರಿಗೆ ಬೆನ್ನು ಚಾಚಿ ಮಲಗಿದ, ನಿದ್ದೆಯೂ ಬಂತು.

ಅವನು ಏಳುವಷ್ಟರಲ್ಲಿ ಸಂಜೆಯಾಗಿತ್ತು. ಅಂಗಳದಲ್ಲಿ ಅತಿಥಿಗಳಿಗೆ ತೋಟದ ಕಾಫಿಯ ರುಚಿ ತೋರಿಸುತ್ತಿದ್ದರು. ಹಾಲಿಲ್ಲದ, ಸಕ್ಕರೆ ಇಲ್ಲದ ಕಪ್ಪು ಡಿಕಾಕ್ಷನ್ನು, ಬಗೆಬಗೆಯ ಬೀಜದ್ದು, ಸಾಲಾಗಿ ಬಟ್ಟಲುಗಳಲ್ಲಿ. ಬಂದವರು ತುಟಿಗೆ ಹಚ್ಚಿ ಕೆಳಗಿಡಬೇಕು, ಅಷ್ಟೇ. ಆದರೆ ಶಂಕ್ರಪ್ಪನವರ ಸುತ್ತ ಲಾಡ್ಜಿನ ಹುಡುಗರೆಲ್ಲ ನೆರೆದಿದ್ದರು.

“ಬ್ಯಾಡ್ರಪಾ, ನಾ ಚಹಾದ ಮನಶ್ಯಾ,” ಎನ್ನುತ್ತಿದ್ದರು ಅವರು. ಆ ದಿನ ಅವರು ಮನಸಾರೆ ಹೇಳಿದ ‘ಬ್ಯಾಡ’ ಅದೊಂದೇ.

“ಹಾಗನ್ಬಾರ್ದು ಸರ್, ತಗೊಳ್ಳಿ ಸರ್.”

“ಖರೇನ ಬ್ಯಾಡೋ.”

“ನಮ್ಮ ಮೇಲೆ ಪ್ರೀತಿ ಇಲ್ವಾ ಸರ್?” ಎಂದಳು ದೇಚಮ್ಮ. ಮಾತು ಕೊಟ್ಟಿದ್ದಳಲ್ಲ.

ಹೀಗೆ ಕೇಳಿದ ಮೇಲೆ ಹುನಗುಂದದ ಮನುಷ್ಯ ಇಲ್ಲ ಅನ್ನಲಾರ. ಮೂರು ಸಲ ಒತ್ತಾಯ ಮಾಡಿಸಿಕೊಂಡ ಪದಾರ್ಥವನ್ನು ತಳ ಕಾಣುವವರೆಗೆ ಮುಗಿಸುವುದೂ ಅವರ ರೀತಿಯೇ. ಹರಳೆಣ್ಣೆ ಕುಡಿಯುವ ಮಗುವಿನ ಮುಖ ಮಾಡಿಕೊಂಡು ಅವರು ಒಂದೊಂದೇ ಬಟ್ಟಲು ಬರಿದು ಮಾಡಿದರು. ಒಂದು ಮುಗಿದರೆ ಇನ್ನೊಂದು ಮುಂದೆ ಬರುತ್ತಿತ್ತು. ಸಂಗಮೇಶ ಓಡಿಬಂದು ತಡೆಯುವಷ್ಟರಲ್ಲಿ ಸಾಲು ಮುಗಿದಿತ್ತು. ಬೀಗರು ಅನ್ನ ಕಾಣದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಅವನನ್ನು ನೋಡಿದರು. ಆ ನೋಟದಲ್ಲಿ ತಾರೀಖು ಕಾಣಲಿಲ್ಲ.

ದೇಚಮ್ಮನಿಗೂ ಹೆದರಿಕೆಯಾಯಿತು. ಹಿರಿಯರ ಹೊಟ್ಟೆ ಕೆಡಿಸಿದೆವೆಂದು ನೊಂದುಕೊಂಡು ಅವಳು ರಾತ್ರಿಯೂಟಕ್ಕೆ ತಾನೇ ಏರ್ಪಾಡು ಮಾಡಿದಳು. ಉಳಿದವರಿಗೆ ಬಿಸಿ ಒತ್ತುಶ್ಯಾವಿಗೆ, ಕಾಯಿಹಾಲು, ಬಾಳೆಹಣ್ಣಿನ ಪಾಯಸ. ಶಂಕ್ರಪ್ಪನವರ ಮುಂದೆ ಮಾತ್ರ ಒಂದು ಬಟ್ಟಲು ನೀರುಗಂಜಿ.

“ಸಾರಿ ಸರ್. ಇನ್ಮೇಲೆ ನಾವು ಯಾರೂ ನಿಮಗೆ ಒತ್ತಾಯ ಮಾಡಲ್ಲ.”

ಬೀಗರಿಗೆ ಗಂಜಿ! ಸಂಗಮೇಶ ಕಣ್ಣು ಮುಚ್ಚಿಕೊಂಡ. ಶಂಕ್ರಪ್ಪನವರು ಹೊಗೆಯಾಡುವ ಗಂಜಿಯನ್ನು ಆಸೆಯಿಂದಲೇ ನೋಡಿದರು. ಆದರೂ ಹುಟ್ಟಿದಂದಿನಿಂದ ಬಂದ ಅಭ್ಯಾಸ ಬಾಯಿಗೆ ಮೊದಲು ಬಂತು. “ಬ್ಯಾಡ,” ಎಂದರು. ಗಂಜಿ ಹೋಯಿತು.

ಕೋಣೆ ಸೇರಿದ ಮೇಲೆ ಶೈಲಾ ಗಂಡನನ್ನು ಬಿಡಲಿಲ್ಲ. “ಇನ್ನ ತಾರೀಖು ಮರೀರಿ. ಮಗಳಿಗೆ ಏನ್ ಹೇಳ್ತೀರಿ?”

“ಅವರು ಹಸುವಾಗೇತಿ ಅಂತ ಬಾಯಿಬಿಟ್ಟು ಹೇಳಬೇಕಿಲ್ಲೇನು? ಹೊಟ್ಟ್ಯಾಗ ಒಂದು, ಬಾಯಾಗ ಒಂದು! ಎಂಥಾ ಮಂದಿ!” ಎಂದು ಸಂಗಮೇಶ ಗೋಡೆಯ ಕಡೆ ತಿರುಗಿದ. ಸಿಟ್ಟಿನಲ್ಲಿ ಅಂದನೇ ಹೊರತು ಅವನಿಗೆ ಅಳು ಬರುವಂತಿತ್ತು. ಮಗಳ ಫೋನು ಬಂದರೆ ಏನು ಹೇಳುವುದೆಂದು ತಿಳಿಯದೆ ಫೋನನ್ನೇ ಬಂದ್ ಮಾಡಿಟ್ಟ.

ನಸುಕಿನಲ್ಲಿ ಸಫಾರಿಯ ಜೀಪು ಅಂಗಳಕ್ಕೆ ಬಂತು. ಶಂಕ್ರಪ್ಪನವರು ಮಾತ್ರ ಕಾಣಲಿಲ್ಲ. ರಾತ್ರೋರಾತ್ರಿ ಎದ್ದು ಊರಿಗೆ ಹೋಗಿಬಿಟ್ಟರೋ ಏನೋ ಎಂದು ಸಂಗಮೇಶ ಗಾಬರಿಯಾಗಿ ಲಾಡ್ಜನ್ನೆಲ್ಲ ಹುಡುಕಿದ. ಕೊನೆಗೆ ಅಡುಗೆಮನೆಯಲ್ಲಿ ಬೆಳಕು ಕಂಡು ಇಣುಕಿದ.

ಒಲೆಯ ಪಕ್ಕ ಚಿಕ್ಕ ಸ್ಟೂಲಿನ ಮೇಲೆ ಬೀಗರು ಕೂತಿದ್ದರು. ಕೈಯಲ್ಲಿ ಬಿಸಿ ಅಕ್ಕಿ ರೊಟ್ಟಿ, ತೊಡೆಯ ಮೇಲೆ ಚಟ್ನಿಯ ಬಟ್ಟಲು. ಅಡುಗೆಯ ಮುದುಕಿ ಹಂಚಿನ ಮೇಲೆ ಇನ್ನೊಂದು ತಟ್ಟುತ್ತಿದ್ದಳು.

“ಬರ್ರಿ ಬೀಗರ, ಬರ್ರಿ!” ಶಂಕ್ರಪ್ಪನವರ ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. “ನಿದ್ದಿ ಹತ್ತಲಿಲ್ಲ, ಎದ್ದು ಬಂದೆ. ಈ ಅವ್ವ ‘ರೊಟ್ಟಿ ಬೇಕಾ’ ಅಂದ್ಲು. ತಡ್ಯಾಕ ಆಗ್ಲಿಲ್ಲ ನೋಡ್ರಿ, ‘ಹೂಂ’ ಅಂದ್ಬಿಟ್ಟೆ. ಅಂದ ಕೂಡ್ಲೆ ರೊಟ್ಟಿ ಬಂತು! ಇಷ್ಟ್ ಸರಳ ಐತಿ ಅಂತ ನನಗ ಇಷ್ಟ್ ವರ್ಷ ಯಾರೂ ಹೇಳಿದ್ದಿಲ್ಲ.”

ಅವರು ರೊಟ್ಟಿಯನ್ನು ಚಟ್ನಿಯಲ್ಲಿ ಅದ್ದಿದರು. ತೀರ್ಥಯಾತ್ರೆಯಿಂದ ಬಂದವರ ಹಾಗೆ ದನಿ ಮೆತ್ತಗಾಗಿತ್ತು. “ನಿನ್ನಿ ನಿಮಗ ಭಾಳ ತ್ರಾಸ ಕೊಟ್ಟೆ. ತಪ್ಪು ನಂದು. ಇವತ್ತಿಂದ ನಾ ಇದ್ದದ್ದು ಇದ್ದಾಂಗ ಮಾತಾಡಾಂವ. ಎದುರಿನವರ ಮಾತೂ ಇದ್ದದ್ದು ಇದ್ದಾಂಗ ತಿಳಕೊಳ್ಳಾಂವ. ಕೇಳ್ರಿ, ಕಾರ್ತಿಕದ ಮೊದಲ ಸೋಮವಾರ ಮದುವಿ. ಆತಿಲ್ಲೋ?”

ಸಂಗಮೇಶನಿಗೆ ಮಗಳ ಮುಖ ಕಣ್ಮುಂದೆ ಬಂತು. ಬೀಗರ ಚಟ್ನಿಗೈಯನ್ನೇ ಹಿಡಿದುಕೊಂಡು ಅತ್ತುಬಿಟ್ಟ. ಅತ್ತರೂ ಸಂತೋಷ ಮುಗಿಯಲಿಲ್ಲ, ಬಾಯಿಂದಲೂ ಹರಿಯಿತು.

“ನಿಮ್ಮಂಥ ಬೀಗರು ಎಲ್ಲಿ ಸಿಗ್ತಾರ್ರಿ! ಮದುವಿ ಹೆಂಗ ಮಾಡಿಕೊಡ್ತೇನಿ ನೋಡ್ತಿರ್ರಿ. ಇದ ತೋಟದಾಗ, ಇದ ಲಾಡ್ಜಿನಾಗ ಮಾಡಿಕೊಡ್ತೇನಿ! ನಿಮ್ಮ ಓಣಿ, ನಿಮ್ಮ ಬಳಗ, ಒಬ್ಬರನ್ನೂ ಬಿಡಬ್ಯಾಡ್ರಿ. ಎಲ್ಲಾರನೂ ನಾನ ಕರ್ಕೊಂಡ್ ಬರ್ತೇನಿ, ಹುಲಿ ತೋರಿಸೇ ಕಳಸ್ತೇನಿ!”

ಇಷ್ಟು ಹೇಳಿ ಅವನು ಕಾದ. ಹೀಗೆ ಹೇಳಿದಾಗ ಬೀಗರಾದವರು ‘ಛೇ ಛೇ, ಅಷ್ಟೆಲ್ಲ ಯಾಕ್ರಿ, ನಿಮ್ಮೂರಾಗ ಸಣ್ಣಾಗಿ ಮಾಡಿಕೊಟ್ರ ಸಾಕು’ ಅನ್ನಬೇಕು. ಇವನು ಮತ್ತೊಮ್ಮೆ ಒತ್ತಾಯ ಮಾಡಬೇಕು, ಅವರು ಮತ್ತೊಮ್ಮೆ ಬೇಡವೆನ್ನಬೇಕು, ಕೊನೆಗೆ ಬಾಗಲಕೋಟೆಯ ಒಂದು ಕಲ್ಯಾಣ ಮಂಟಪಕ್ಕೆ ಮಾತು ಮುಗಿಯಬೇಕು.

ಶಂಕ್ರಪ್ಪನವರು ರೊಟ್ಟಿಯ ಕೊನೆಯ ತುಣುಕು ಬಾಯಿಗಿಟ್ಟುಕೊಂಡು ಚೆನ್ನಾಗಿ ಅಗಿದರು.

“ಆಗ್ಲಿ,” ಎಂದರು.

ಒಲೆಯ ಕಟ್ಟಿಗೆ ಚಟಪಟ ಎಂದಿತು. ಸಂಗಮೇಶ ಕಾದ ‘ಛೇ ಛೇ’ ಬರಲೇ ಇಲ್ಲ.

“ಅಲ್ರೀ… ನಿಮ್ಮ ಮಂದಿಗೆ ಭಾಳ ದೂರ ಆಕ್ಕೇತೇನೋ ಅಂತ…”

“ನೀವ ಕರ್ಕೊಂಡ್ ಬರ್ತೇನಿ ಅಂದ್ರಲ್ಲ. ನಿಮ್ಮ ಮಾತು ಖರೆ ಅಂತ ಹಿಡದೇನಿ. ಖರೆ ಮಾತಿನ ಮಂದಿ ಅಂತನ ತಾರೀಖು ಕೊಟ್ಟೇನಿ ಮತ್ತ.”

ಹಿಂದೆ ಬಾಗಿಲಲ್ಲಿ ಶೈಲಾ ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ಅಂಗಳಕ್ಕೆ ಬಂದ ಮೇಲೆ ಗಂಡನಿಗೆ ಮೆಲ್ಲಗೆ ಅಂದಳು: “ನಿನ್ನಿ ಅವರ ‘ಬ್ಯಾಡ’ ಸುಳ್ಳು ಅಂತ ಬೈದ್ರಿ. ನಿಮ್ಮ ‘ಮಾಡಿಕೊಡ್ತೇನಿ’ ಯಾವಾಗ ಖರೆ ಇತ್ತು?”

ಜೀಪು ಕಾಡಿನ ದಾರಿ ಹಿಡಿಯಿತು. ಮುಂದಿನ ಸೀಟಿನಲ್ಲಿ ಕೂತ ಶಂಕ್ರಪ್ಪನವರು ನೆಟ್‌ವರ್ಕ್ ಸಿಕ್ಕ ಕೂಡಲೆ ಹುನಗುಂದದ ತಮ್ಮನಿಗೆ ಫೋನು ಹಚ್ಚಿದರು. ಅವರ ದೊಡ್ಡ ದನಿಗೆ ಮರದ ಮೇಲಿನ ಹಕ್ಕಿಗಳೂ ಎದ್ದು ಹಾರಿದವು.

“ಏ ಶ್ರೀಶೈಲ, ಮದುವಿ ಗಟ್ಟಿ ಆತು! ಕಾಫಿ ತೋಟದಾಗ ಮಾಡಿಕೊಡ್ತಾರ, ಎಲ್ಲಾರನೂ ಅವರ ಕರ್ಕೊಂಡ್ ಬರ್ತಾರ. ನಮ್ಮ ಓಣಿಯವ್ರಿಗೆ ಹೇಳು, ಇಳಕಲ್ಲ ಬಳಗಕ್ಕ ಹೇಳು, ಅಡತಿ ಮಂದಿಗೂ ಹೇಳು. ಮತ್ತ ಕೇಳಿಲ್ಲೆ, ಮರ್ಯಾದಿಗಂತ ಯಾರೂ ‘ಬ್ಯಾಡ, ಬ್ಯಾಡ’ ಅನ್ನಬಾರ್ದು. ಮೊದಲ ಸಲಕ್ಕ ‘ಹೂಂ’ ಅಂದ್ಬಿಡ್ಬೇಕು!”

ಹಿಂದಿನ ಸೀಟಿನಲ್ಲಿ ಸಂಗಮೇಶ ಕಂಬಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.