ಮೂರನೇ ಪುಟವಿಲ್ಲದ ಮನವಿ

ನಾನು ತರಗತಿ ಪ್ರತಿನಿಧಿ ಆಗಿದ್ದು ಚುನಾವಣೆ ಗೆದ್ದಲ್ಲ. ಹಾಜರಿ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಅನಸೂಯ. "ಮೊದಲಿರೋಳೇ ಇರಲಿ" ಅಂದುಬಿಟ್ಟರು ಮೇಷ್ಟ್ರು. ಆದರೂ ನನಗೆ ನನ್ನ ಮೇಲೆ ಅಪಾರ ವಿಶ್ವಾಸ. ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದವಳು ನಾನು. ಸ್ಪರ್ಧೆಯಲ್ಲಿ ಇದ್ದವರು ಇಬ್ಬರೇ ಅನ್ನೋದು ಬೇರೆ ಮಾತು!

ನಾನು ಎರಡನೇ ವರ್ಷದ ಬಿ.ಕಾಂ.ನಲ್ಲಿದ್ದಾಗ ಒಂದು ಗುರುವಾರ ನೋಟೀಸ್ ಬೋರ್ಡಿನಲ್ಲಿ ಹೀಗೊಂದು ಕಾಗದ ಕಾಣಿಸಿಕೊಂಡಿತು: 'ಸೋಮವಾರದಿಂದ ತರಗತಿಗಳು ಬೆಳಿಗ್ಗೆ ಎಂಟಕ್ಕೆ ಆರಂಭ. ತಡವಾಗಿ ಬಂದವರಿಗೆ ಮೊದಲ ಪೀರಿಯಡ್ಡಿನ ಹಾಜರಿ ಇಲ್ಲ.' ಅಲ್ಲಿಯವರೆಗೆ ಒಂಬತ್ತೂವರೆಗೆ ಶುರುವಾಗುತ್ತಿತ್ತು. ಈ ಬದಲಾವಣೆ ಯಾಕೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.

ಆಫೀಸಿನ ಗುಮಾಸ್ತರನ್ನು ಕೇಳಿದೆ. "ಮೇಲಿಂದ ಬಂದಿರೋ ತೀರ್ಮಾನ ಕಣಮ್ಮ" ಅಂದರು.

"ಮೇಲೆ ಲೈಬ್ರರಿ ಇದೆಯಲ್ಲ ಸಾರ್?"

ಗುಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಹೊರಗೆ ಬಂದೆ.

ನಮ್ಮೂರು ದಬ್ಬೇಘಟ್ಟದಿಂದ ಇನ್ನೂ ಒಳಗೆ. ನಮ್ಮ ಕಡೆಯ ಬಸ್ಸು ಕಾಲೇಜಿರುವ ತುರುವೇಕೆರೆ ಮುಟ್ಟುವುದೇ ಎಂಟೂ ಮುಕ್ಕಾಲಿಗೆ. ಅದಕ್ಕಿಂತ ಮುಂಚಿನ ಬಸ್ಸು ಹಿಡಿಯಬೇಕೆಂದರೆ ಇನ್ನೂ ಕತ್ತಲಿರುವಾಗಲೇ ತೋಟಗಳ ನಡುವೆ ಎರಡು ಮೈಲಿ ನಡೆದು ಮೇನ್ ರೋಡಿಗೆ ಬರಬೇಕು. ನನ್ನ ಗೆಳತಿ ರುಕ್ಕು ಅವತ್ತು ಬಸ್ಸಿನಲ್ಲಿ ಕಿಟಕಿಯಿಂದ ಮುಖ ತೆಗೆಯಲೇ ಇಲ್ಲ.

"ನಮ್ಮಪ್ಪಂಗೆ ಇದು ಗೊತ್ತಾದ್ರೆ ಮುಗೀತು ಕಣೇ. 'ಕತ್ಲಲ್ಲಿ ಹೋಗೋ ಓದು ಬ್ಯಾಡ, ಬುಡು' ಅಂತಾರೆ."

"ನಾನಿದೀನಲ್ಲ! ಒಂದು ಮನವಿ ಪತ್ರ ಬರೆದ್ರೆ ಮುಗೀತು" ಅಂದೆ.

ಬರೆದೆ. ಒಂದು ಪುಟದಲ್ಲಿ ಮುಗಿಯುವ ವಿಷಯವನ್ನು ಮೂರು ಪುಟ ಬರೆದೆ. ದೊಡ್ಡವರ ಹತ್ತಿರ ಏನಾದರೂ ಕೇಳುವ ಮೊದಲು ಸ್ವಲ್ಪ ಹೊಗಳಬೇಕು ಎಂಬುದು ನನ್ನ ಸಿದ್ಧಾಂತ. ಆ 'ಸ್ವಲ್ಪ' ಎರಡು ಪುಟ ತುಂಬಿತು. 'ಮಾನ್ಯರೇ, ತಮ್ಮ ದಕ್ಷ ಆಡಳಿತದಲ್ಲಿ ಈ ವಿದ್ಯಾಸಂಸ್ಥೆಯು ಹೆಮ್ಮರವಾಗಿ ಬೆಳೆಯುತ್ತಿದ್ದು, ಮುಂಜಾನೆಯ ಕಲಿಕೆಯ ಮಹತ್ವವನ್ನು ಮನಗಂಡ ತಮ್ಮ ದೂರದೃಷ್ಟಿಗೆ ನಾವು ತಲೆಬಾಗುತ್ತೇವೆ...' ಬಸ್ಸಿನ ಸಮಸ್ಯೆ ಮೂರನೇ ಪುಟಕ್ಕೆ ಬಂತು. ನಾಲ್ಕನೇ ಹಾಳೆ ತುಂಬ ಎಲ್ಲರ ಸಹಿ.

ಜೆರಾಕ್ಸ್ ಮಾಡಿಸಿ, ಸ್ಟೇಪಲ್ ಹೊಡೆದು, ಶನಿವಾರ ಬೆಳಿಗ್ಗೆ ಪ್ರಿನ್ಸಿಪಾಲರ ಟೇಬಲ್ಲಿಗೆ ತಲುಪಿಸಿದೆ. ಮಧ್ಯಾಹ್ನ ಕರೆ ಬಂತು. ನಮ್ಮ ಪ್ರಿನ್ಸಿಪಾಲರು ಆ ವರ್ಷವಷ್ಟೇ ಬಂದವರು. ತಿಪಟೂರಿನಿಂದ ಕಾರಿನಲ್ಲಿ ಓಡಾಡುತ್ತಿದ್ದರು. ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ಅವತ್ತು ನಕ್ಕರು!

"ತುಂಬಾ ಸಂತೋಷ ಆಯ್ತಮ್ಮ. ವಿದ್ಯಾರ್ಥಿಗಳ ಮನಸ್ಸು ಅರ್ಥ ಆಯ್ತು. ಸೋಮವಾರ ನೋಟೀಸ್ ಹಾಕಿಸ್ತೀನಿ."

ನಾನು ಮೆಟ್ಟಿಲ ಮೇಲೆ ನಿಂತು ಗೆಲುವನ್ನು ಘೋಷಿಸಿದೆ. ಹುಡುಗರು ಶಿಳ್ಳೆ ಹೊಡೆದರು. ಯಾರೋ ಮಸಾಲೆ ಪುರಿ ಕೊಡಿಸಿದರು. ರುಕ್ಕು ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಆ ಎರಡು ದಿನ ನಾನು ಸಾಮಾನ್ಯಳಾಗಿರಲಿಲ್ಲ.

ಸೋಮವಾರ ಎಂದಿನ ಬಸ್ಸಿನಲ್ಲೇ ಆರಾಮಾಗಿ ಹೋದೆವು. ನೋಟೀಸ್ ಬಂದಿತ್ತು. 'ವಿದ್ಯಾರ್ಥಿಗಳು ಒಕ್ಕೊರಲಿನಿಂದ ವ್ಯಕ್ತಪಡಿಸಿರುವ ಮೆಚ್ಚುಗೆಯ ಹಿನ್ನೆಲೆಯಲ್ಲಿ, ಮುಂದಿನ ತಿಂಗಳಿನಿಂದ ತರಗತಿಗಳು ಏಳೂವರೆಗೇ ಆರಂಭವಾಗಲಿವೆ.' ಪಕ್ಕದಲ್ಲೇ ಸಾಕ್ಷಿಯಾಗಿ ನನ್ನ ಪತ್ರವನ್ನೂ ಅಂಟಿಸಿದ್ದರು. ಒಂದನೇ ಪುಟ, ಎರಡನೇ ಪುಟ, ಆಮೇಲೆ ಸೀದಾ ಸಹಿಗಳು!

ಮೂರನೇ ಪುಟ ಜೆರಾಕ್ಸ್ ಅಂಗಡಿಯಲ್ಲೇ ಉಳಿದಿತ್ತು.

ನಮ್ಮೂರ ಕಡೆಯ ಯಾರಿಗೂ ಅವತ್ತು ಮೊದಲ ಪೀರಿಯಡ್ಡಿನ ಹಾಜರಿ ಸಿಗಲಿಲ್ಲ. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಸಂಜೆ ಮನೆಗೆ ಬಂದು ಹೇಳಿಕೊಂಡೆ. ಪೊರಕೆಗೆ ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಾ ಕೂತಿದ್ದ ಅಮ್ಮ ಎಲ್ಲವನ್ನೂ ಕೇಳಿ ಇಷ್ಟೇ ಅಂದಳು:

"ಆಗಾಕಿಲ್ಲ ಅನ್ನಕ್ಕೆ ಮೂರು ಪುಟ ಯಾಕ್ ಬೇಕಿತ್ತೇ?"

ನಾನೂ ಒಂದು ಗರಿ ಎಳೆದುಕೊಂಡು ಕಡ್ಡಿ ಸೀಳತೊಡಗಿದೆ. ಆದರೆ ನಾನು ಸೋಲೊಪ್ಪುವವಳಲ್ಲ. ಮಂಗಳವಾರ ಎಲ್ಲರನ್ನೂ ಮರದ ಕೆಳಗೆ ಸೇರಿಸಿ ಕ್ಷಮೆ ಕೇಳಿದೆ. ಕ್ಷಮಿಸಿದ್ದಾರೋ ಇಲ್ಲವೋ ಗೊತ್ತಾಗುವ ಮೊದಲೇ ಮುಂದಿನ ಯೋಜನೆಯನ್ನೂ ಪ್ರಕಟಿಸಿದೆ.

"ನಾಳೆ ಪ್ರತಿಭಟನೆ! ಪ್ರಿನ್ಸಿಪಾಲರ ಕಾರು ಬರೋದು ಎಂಟಕ್ಕೆ. ಕಾರಿಂದ ಇಳೀತಿದ್ದಂಗೆ ಹಿಡೀಬೇಕು. ಸರಿಯಾಗಿ ಎಂಟು ಗಂಟೆಗೆ ಎಲ್ರೂ ಗೇಟಿನ ಹತ್ರ ಇರ್ಬೇಕು!"

ರುಕ್ಕು ಕೈ ಎಳೆದಳು. "ಅನೂ, ಒಂದ್ ಮಾತು ಕಣೇ..."

"ಏನಿದ್ರೂ ಕೊನೇಲಿ ಹೇಳು" ಅಂದೆ. ಘೋಷಣೆಗಳನ್ನು ಹಂಚುವ ಗಡಿಬಿಡಿಯಲ್ಲಿ ಆ ಕೊನೆ ಬರಲೇ ಇಲ್ಲ.

ಬುಧವಾರ ಬೆಳಿಗ್ಗೆ, ತೆಂಗಿನ ಗರಿಯ ದಿಂಡಿಗೆ ಕಟ್ಟಿದ ದೊಡ್ಡ ಬೋರ್ಡು ಹಿಡಿದು ಬಸ್ ಹತ್ತಿದೆ. ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿದರು. "ಹೆಣ್ಮಕ್ಳಿಗೆ ಫ್ರೀ ಕಣಮ್ಮ. ಬೋರ್ಡಿಗೆ ಲಗೇಜ್ ಟಿಕೆಟ್ ತಗಳಿ."

"ಇದು ನ್ಯಾಯಕ್ಕಾಗಿ ಹೋರಾಟ ಸಾರ್!"

"ಹೋರಾಟ ಸೀಟಿನ ಕೆಳಗೆ ಹೋದ್ರೆ ಸುಮ್ನಿರ್ತೀನಿ."

ಬಗ್ಗಿ ಬೋರ್ಡನ್ನು ಸೀಟಿನ ಕೆಳಗೆ ತೂರಿಸಿ ತಲೆ ಎತ್ತಿದೆ. ಡ್ರೈವರ್ ತಲೆಯ ಮೇಲಿನ ಗಡಿಯಾರ ಕಂಡಿತು. ಎಂಟು ಗಂಟೆ! ಬಸ್ಸು ಇನ್ನೂ ದಬ್ಬೇಘಟ್ಟದಲ್ಲಿತ್ತು.

"ರುಕ್ಕೂ, ಪ್ರತಿಭಟನೆ ಶುರುವಾಗೋ ಹೊತ್ತಾಯ್ತು ಕಣೇ!"

"ನಿನ್ನೆ ಅದನ್ನೇ ಹೇಳಕ್ ಬಂದಿದ್ದೆ" ಅಂದಳು ರುಕ್ಕು.

ಅತ್ತ ಕಾಲೇಜಿನಲ್ಲಿ ತುರುವೇಕೆರೆ ಊರಿನ ಹುಡುಗರು, ಹಾಸ್ಟೆಲಿನವರು ಎಂಟಕ್ಕೇ ಬಂದು ಕೂತಿದ್ದರಂತೆ. ಪ್ರಿನ್ಸಿಪಾಲರು ಕಾರಿನಿಂದ ಇಳಿದು "ಏನು ನಿಮ್ಮ ಬೇಡಿಕೆ?" ಅಂದರಂತೆ. ಅವರಲ್ಲಿ ಯಾರಿಗೂ ಬಸ್ಸಿನ ತೊಂದರೆಯೇ ಇಲ್ಲ, ಏನು ಹೇಳುತ್ತಾರೆ? "ಅನಸೂಯ ಹೇಳ್ತಾಳೆ ಸಾರ್." "ಎಲ್ಲಿ ಅವಳು?" "ಬಸ್ಸಲ್ಲಿ ಸಾರ್." ಪ್ರಿನ್ಸಿಪಾಲರು ಒಂದು ಕುರ್ಚಿ ತರಿಸಿಕೊಂಡು ಗೇಟಿನ ಹತ್ತಿರವೇ ಕೂತುಬಿಟ್ಟರಂತೆ, ನನಗೋಸ್ಕರ!

ಬಸ್ ಸ್ಟ್ಯಾಂಡಿನಿಂದ ಒಂದೇ ಉಸಿರಿಗೆ ಓಡಿದೆವು. ಮುಂದೆ ಬೋರ್ಡಿನ ಸಮೇತ ನಾನು, ಹಿಂದೆ ನಮ್ಮ ಕಡೆಯ ಹಳ್ಳಿಗಳ ಹುಡುಗ ಹುಡುಗಿಯರೆಲ್ಲ. ಗೇಟಿಗೆ ಬಂದಾಗ ಒಂಬತ್ತಕ್ಕೆ ಹತ್ತು ನಿಮಿಷ. ಪ್ರಿನ್ಸಿಪಾಲರು ವಾಚು ನೋಡಿದರು.

"ನಿಮ್ಮ ಪ್ರತಿಭಟನೆಗೆ ನೀವೇ ಲೇಟಾ?"

ನಾನು ಎದೆಯುಬ್ಬಿಸಿ, "ಮಾನ್ಯರೇ, ತಮ್ಮ ದಕ್ಷ ಆಡಳಿತದಲ್ಲಿ..." ಎಂದು ಶುರು ಮಾಡಿದೆ. ಏದುಸಿರಿಗೆ ಮುಂದಿನ ಪದ ಬರಲಿಲ್ಲ. ಆಗ ರುಕ್ಕು ಮುಂದೆ ಬಂದಳು. ತರಗತಿಯಲ್ಲಿ ಹಾಜರಿ ಕೂಗಿದರೂ ಕೇಳಿಸದ ಹಾಗೆ 'ಎಸ್ ಸಾರ್' ಅನ್ನುವ ಹುಡುಗಿ!

"ಸಾರ್, ನಮ್ಮ ಬಸ್ಸು ಬರೋದೇ ಈಗ. ಎಂಟಕ್ಕೆ ಬರ್ಬೇಕು ಅಂದ್ರೆ ಕತ್ಲಲ್ಲಿ ಮನೆ ಬಿಡ್ಬೇಕು. ಹಂಗಾದ್ರೆ ನಮ್ಮಪ್ಪ ಕಾಲೇಜು ಬುಡಿಸ್ತಾರೆ."

ಅಷ್ಟೇ. ಪ್ರಿನ್ಸಿಪಾಲರು ನಮ್ಮ ಬೆವರಿದ ಮುಖಗಳನ್ನು ಒಂದೊಂದಾಗಿ ನೋಡಿದರು.

"ಬೇಗ ಶುರು ಮಾಡಿ ಬೇಗ ಬಿಟ್ರೆ ನಿಮ್ಗೆ ಮನೆ ಕೆಲಸಕ್ಕೆ, ಓದಕ್ಕೆ ಹೊತ್ತು ಸಿಗುತ್ತೆ ಅಂತ ಮಾಡಿದ್ದು" ಅಂದರು ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದರು. "ಪ್ರತಿಭಟನೆಗೆ ಎಂಟು ಗಂಟೆ ಅಂತ ಯಾರು ಇಟ್ಟಿದ್ದು?"

"ನಾನೇ ಸಾರ್."

"ಇವರನ್ನ ಕೇಳಿದ್ಯಾ?"

"ಇಲ್ಲ ಸಾರ್."

ಅವರು ಕುರ್ಚಿಯಿಂದ ಎದ್ದರು. "ನಾನೂ ಕೇಳಿರ್ಲಿಲ್ಲ" ಅಂದರು.

ಅವತ್ತೇ ಹಳೇ ನೋಟೀಸುಗಳೆರಡೂ ಕೆಳಗಿಳಿದವು. ತರಗತಿ ಒಂಬತ್ತಕ್ಕೆ. ಇನ್ನು ಮುಂದೆ ಇಂಥ ತೀರ್ಮಾನಗಳನ್ನು ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡೇ ಮಾಡುವುದು. ಅದಕ್ಕೆ ಪ್ರತಿ ತರಗತಿಯಿಂದ ಒಬ್ಬರು ಬೇಕು, ಈ ಸಲ ಸರಿಯಾಗಿ ಚುನಾವಣೆಯೇ ಆಗಲಿ ಅಂದರು ಪ್ರಿನ್ಸಿಪಾಲರು. ನಮ್ಮ ತರಗತಿಗೆ ತಾವೇ ಬಂದು ನಿಂತರು.

"ಅನಸೂಯ?" ಅಂದರು. ತರಗತಿ ಗಂಭೀರವಾಗಿ ಫ್ಯಾನು ನೋಡಿತು.

"ರುಕ್ಮಿಣಿ?" ಅಂದರು. ತರಗತಿ ತುಂಬ ಕೈಗಳೆದ್ದವು. ರುಕ್ಕು ನಾಚಿ ಡೆಸ್ಕಿನೊಳಗೆ ಮುಖ ಹುದುಗಿಸಿದಳು. ನನಗೆ ಒಂದು ಗಳಿಗೆ ಅಸೂಯೆ ಆದದ್ದು ನಿಜ. ಆದರೆ ಅವಳ ನಾಚಿಕೆ ನೋಡಿದ ಮೇಲೆ ತಡೆಯಲಾಗಲಿಲ್ಲ, ಎರಡೂ ಕೈ ಎತ್ತಿಬಿಟ್ಟೆ.

"ಒಬ್ಬರಿಗೆ ಒಂದೇ ಓಟಮ್ಮ" ಅಂದರು ಪ್ರಿನ್ಸಿಪಾಲರು.

ಒಂದು ಕೈ ಇಳಿಸಿದೆ.